ಕನ್ನಡಿಯಿಂದ ಹೊರಟ ನೆರಳು

ಕುಂದಾಪುರ, ಬ್ರಹ್ಮಾವರ, ಬೈಂದೂರಿನಂತಹ ಪೇಟೆಗಳಿಗೆ ಕಂಪ್ಯೂಟರು ಬಂದ ಕಾಲವನ್ನು ಬಲ್ಲವರಿಗೆ ಒಂದು ಬಗೆಯ ಕೊಠಡಿಯ ನೆನಪು ಇದ್ದೇ ಇರುವುದು. ಅದು 1990ರ ದಶಕ. ಅಂಗಡಿಸಾಲಿನ ಮಹಡಿಯ ಮೇಲೆ ನಾಲ್ಕೈದು ಯಂತ್ರಗಳು. ಧೂಳು ಬೀಳದಂತೆ ಅವಕ್ಕೆ ಹೊದಿಸಿದ ಬಟ್ಟೆ. ಬಾಗಿಲಿನ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಒಳಗೆ ಕಲಿಸುತ್ತಿದ್ದುದು ಬೆರಳಚ್ಚನ್ನು, ಲೆಕ್ಕದ ಹಾಳೆ ತುಂಬುವುದನ್ನು. ಆದರೆ ಪಾಠ ಮುಗಿದು ಗುರುಗಳು ಚಹಾ ಕುಡಿಯಲು ಇಳಿದುಹೋದೊಡನೆ ಪರದೆಯ ಮೇಲೆ ಬೇರೊಂದು ಲೋಕವೇ ತೆರೆಯುತ್ತಿದ್ದಿತು. ಕಲ್ಲಿನ ನೆಲಮಾಳಿಗೆ, ಗೋಡೆಯಲ್ಲಿ ಉರಿಯುವ ಪಂಜು, ಬಿಳಿಯ ಉಡುಪಿನ ಒಬ್ಬ ಪುಟ್ಟ ಮನುಷ್ಯ. ಬೆನ್ನ ಹಿಂದೆ ನಿಂತ ನಾಲ್ವರು ಒಂದೇ ಉಸಿರಿಗೆ, "ಹಾರ್ ಮರಾಯಾ!" ಎನ್ನುವರು. ಅವನು ಹಾರುವನು. ಒಮ್ಮೊಮ್ಮೆ ಎದುರಿನ ಅಂಚು ಕೈಗೆ ಸಿಕ್ಕುವುದು. ಹಲವು ಸಲ ಕೆಳಗಿನ ಕಬ್ಬಿಣದ ಮೊನೆಗಳೇ ಮೈಗೆ ಸಿಕ್ಕುವುವು.

ಆ ಆಟದ ಹೆಸರು 'ಪ್ರಿನ್ಸ್ ಆಫ್ ಪರ್ಷಿಯಾ'. ಅಮೆರಿಕದ ಬ್ರೋಡರ್‌ಬಂಡ್ ಎಂಬ ಸಂಸ್ಥೆಯು 1989ರ ಅಕ್ಟೋಬರಿನಲ್ಲಿ ಅದನ್ನು ಆ್ಯಪಲ್-2 ಎಂಬ ಯಂತ್ರಕ್ಕಾಗಿ ಹೊರತಂದಿತು. ಮರುವರ್ಷ ಅದು ಡಾಸ್ ಯಂತ್ರಗಳಿಗೂ ಬಂದಿತು. ನಮ್ಮ ಕಡೆಗೆ ಬಂದುದು ಈ ಎರಡನೆಯ ರೂಪವೇ. ಬಂದಿತೆಂದರೆ ಯಾರೋ ಹಣ ಕೊಟ್ಟು ತಂದರೆಂದು ತಿಳಿಯಬೇಕಾಗಿಲ್ಲ. ಒಬ್ಬರ ಫ್ಲಾಪಿಯಿಂದ ಇನ್ನೊಬ್ಬರ ಫ್ಲಾಪಿಗೆ ಇಳಿಯುತ್ತ ಬಂದಿತು. ಕಳ್ಳಪ್ರತಿಗಳನ್ನು ತಡೆಯಲೆಂದು ತಯಾರಕರು ಒಂದು ಉಪಾಯ ಹೂಡಿದ್ದರು. ಆರಂಭದಲ್ಲಿಯೇ ಅಕ್ಷರ ಬರೆದ ಶೀಶೆಗಳ ಒಂದು ಕೋಣೆ ಬರುವುದು. ಆಟದ ಕೈಪಿಡಿಯ ಇಂತಹ ಪುಟದ, ಇಂತಹ ಸಾಲಿನ, ಇಂತಹ ಪದದ ಮೊದಲಕ್ಷರ ಯಾವುದೋ ಆ ಶೀಶೆಯನ್ನೇ ಕುಡಿಯಬೇಕು. ನಮ್ಮ ಹುಡುಗರಲ್ಲಿ ಹೆಚ್ಚಿನವರು ಆ ಕೈಪಿಡಿಯನ್ನು ಕಣ್ಣಿಂದಲೂ ಕಂಡವರಲ್ಲ. ಆದರೂ ಆಟ ಮುಂದುವರಿಯಿತೆಂದರೆ, ಯಾರೋ ಬೀಗ ಮುರಿದಿಟ್ಟ ಪ್ರತಿಯೇ ಎಲ್ಲರ ಕೈ ಸೇರಿತ್ತೆಂದು ತಿಳಿಯಬಹುದು. ಇದು ನ್ಯಾಯವಲ್ಲ, ನಡೆದದ್ದಂತೂ ನಿಜ.

ಮೂವತ್ತು ವರ್ಷಗಳ ಮೇಲೆ ಆ ಆಟವನ್ನು ನಾವು ಮತ್ತೆ ಆಡಿ ನೋಡಿದೆವು. ಹಳೆಯ ಆಟಗಳನ್ನು ಹೀಗೆ ನೋಡುವುದರಲ್ಲಿ ಒಂದು ಅಪಾಯವಿದೆ: ಬಾಲ್ಯದಲ್ಲಿ ಬೆಟ್ಟವಾಗಿ ಕಂಡದ್ದು ದಿಣ್ಣೆಯಾಗಿ ಕಾಣುವುದೇ ಹೆಚ್ಚು. ಇಲ್ಲಿ ಹಾಗಾಗಲಿಲ್ಲ. ಚಿತ್ರಗಳು ಒರಟು, ಬಣ್ಣ ಕಡಿಮೆ, ಸದ್ದು ಕೀರಲು. ಆದರೆ ಆ ಮನುಷ್ಯನು ಓಡುವಾಗ ಈಗಲೂ ಅವನು ಮನುಷ್ಯನೇ. ಮತ್ತು ಕನ್ನಡಿಯೊಂದರಿಂದ ಹೊರಬಂದು ಅವನನ್ನು ಕಾಡುವ ನೆರಳು ಈಗಲೂ ಬೆನ್ನಲ್ಲಿ ಸಣ್ಣ ಚಳಿ ಹುಟ್ಟಿಸುವುದು. ಈ ಎರಡಕ್ಕೂ ಒಂದು ಸಂಬಂಧವುಂಟು. ಒಂದು ಜೀವಂತ ದೇಹದ ಚಲನೆಯನ್ನು ಬಡ ಯಂತ್ರವೊಂದರೊಳಗೆ ಇಳಿಸಹೊರಟಾಗ ಬಂದ ಇಕ್ಕಟ್ಟಿನಿಂದಲೇ ಆ ನೆರಳು ಹುಟ್ಟಿತು. ಆ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಆಟದ ಕಥೆ ಸಣ್ಣದು. ಸುಲ್ತಾನನು ಯುದ್ಧಕ್ಕೆ ಹೋಗಿದ್ದಾನೆ. ವಜೀರ ಜಾಫರನು ರಾಜಕುಮಾರಿಯ ಮುಂದೆ ಮರಳಿನ ಗಡಿಯಾರವನ್ನು ತಿರುಗಿಸಿಟ್ಟು, ಒಂದು ಗಂಟೆಯೊಳಗೆ ತನ್ನನ್ನು ವರಿಸಬೇಕು, ಇಲ್ಲವಾದರೆ ಸಾಯಬೇಕು ಎನ್ನುತ್ತಾನೆ. ಅವಳು ಮೆಚ್ಚಿದ ತರುಣನು ಸೆರೆಮನೆಯ ತಳದಲ್ಲಿ, ಕೈಯಲ್ಲಿ ಕತ್ತಿ ಕೂಡ ಇಲ್ಲದೆ ಇದ್ದಾನೆ. ಅವನು ಹನ್ನೆರಡು ಹಂತಗಳನ್ನು ಏರಿ ಅರವತ್ತು ನಿಮಿಷಗಳೊಳಗೆ ಗೋಪುರವನ್ನು ಮುಟ್ಟಬೇಕು. ಈ ಅರವತ್ತು ನಿಮಿಷ ನಮ್ಮ ಕೈಗಡಿಯಾರದ ನಿಜವಾದ ನಿಮಿಷಗಳು. ಸತ್ತರೆ ಹಂತದ ಆರಂಭದಿಂದ ಮತ್ತೆ ಎದ್ದು ಬರಬಹುದು. ಕಳೆದ ನಿಮಿಷ ಮಾತ್ರ ಮರಳಿ ಬಾರದು. ಮಳೆಗಾಲದ ಕುಂದಾಪುರದಲ್ಲಿ ಇನ್ನೊಂದು ಗಡುವೂ ಇದ್ದಿತೆನ್ನಿ. ಗುಡುಗು ಕೇಳಿಸಿತೆಂದರೆ ವಿದ್ಯುತ್ತು ಹೋಗುವುದು. ಹತ್ತನೆಯ ಹಂತದಲ್ಲಿದ್ದ ರಾಜಕುಮಾರನು ಪರದೆಯೊಡನೆ ಚುಕ್ಕಿಯಾಗಿ ಮಾಯವಾಗುವನು.

ಈ ಆಟವನ್ನು ರಚಿಸಿದವನು ಜೋರ್ಡಾನ್ ಮೆಕ್ನರ್ ಎಂಬ ನ್ಯೂಯಾರ್ಕಿನ ತರುಣ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವಾಗಲೇ, 1984ರಲ್ಲಿ, 'ಕರಾಟೇಕಾ' ಎಂಬ ಆಟವನ್ನು ಮಾಡಿ ಹೆಸರು ಗಳಿಸಿದ್ದನು. ಎರಡನೆಯ ಆಟದ ನಾಯಕನು ಗೊಂಬೆಯಂತೆ ಅಲ್ಲ, ಮನುಷ್ಯನಂತೆ ಓಡಬೇಕೆಂಬುದು ಅವನ ಹಟ. ಹಾಗೆಂದು ಮನುಷ್ಯನ ಓಟವನ್ನು ಕಲ್ಪನೆಯಿಂದ ಬರೆಯುವಷ್ಟು ಚಿತ್ರಕಲೆ ಅವನಿಗೆ ಒಲಿದಿರಲಿಲ್ಲ. ಆದ್ದರಿಂದ 1985ರಲ್ಲಿ ಅವನು ತನ್ನ ತಮ್ಮ ಡೇವಿಡನಿಗೆ ಸಡಿಲವಾದ ಬಿಳಿಯ ಬಟ್ಟೆ ತೊಡಿಸಿ, ವಾಹನ ನಿಲ್ಲಿಸುವ ಬಯಲೊಂದಕ್ಕೆ ಕರೆದೊಯ್ದು, ಓಡು, ಹಾರು, ಗೋಡೆಗೆ ಜೋತುಬೀಳು ಎಂದು ಹೇಳಿ ವಿಡಿಯೋ ಚಿತ್ರ ತೆಗೆದನು.

ಮುಂದಿನ ಕೆಲಸವನ್ನು ಕೇಳಿದರೆ ಇಂದಿನ ವಿದ್ಯಾರ್ಥಿಗಳಿಗೆ ನಗು ಬಂದೀತು. ಆ ಟೇಪನ್ನು ಟೆಲಿವಿಷನ್ನಿನಲ್ಲಿ ಚಿತ್ರ ಚಿತ್ರವಾಗಿ ನಿಲ್ಲಿಸಿ, ಪರದೆಯನ್ನೇ ಮತ್ತೊಂದು ಕ್ಯಾಮೆರಾದಿಂದ ಫೋಟೋ ತೆಗೆದನು. ಅಂಗಡಿಯಲ್ಲಿ ತೊಳೆಸಿ ತಂದ ಫೋಟೋಗಳ ಮೇಲೆ ಕಪ್ಪು ಮಾರ್ಕರಿನಿಂದಲೂ, ಬೆರಳಚ್ಚಿನ ತಪ್ಪು ಮುಚ್ಚುವ ಬಿಳಿಯ ದ್ರವದಿಂದಲೂ ಮೈಯ ಅಂಚನ್ನು ತಿದ್ದಿ, ಅಚ್ಚ ಕಪ್ಪುಬಿಳುಪಿನ ಆಕೃತಿ ಮಾಡಿದನು. ಅದರ ಜೆರಾಕ್ಸ್ ಪ್ರತಿಯನ್ನು ಇನ್ನೊಂದು ಕ್ಯಾಮೆರಾದ ಮೂಲಕ ಕಂಪ್ಯೂಟರಿಗೆ ಊಡಿಸಿದನು. ಅಷ್ಟಾದ ಮೇಲೂ ಒಂದೊಂದು ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಕೈಯಿಂದಲೇ ತಿದ್ದಬೇಕಾಗಿತ್ತು. ಕತ್ತಿವರಸೆಗಾದರೋ ತಮ್ಮನೂ ಸಾಲಲಿಲ್ಲ. 1938ರ 'ರಾಬಿನ್ ಹುಡ್' ಚಲನಚಿತ್ರದ ಕೊನೆಯ ಕಾಳಗದಲ್ಲಿ ನಾಯಕನೂ ಖಳನೂ ಪಕ್ಕದಿಂದ ಪೂರ್ತಿ ಕಾಣಿಸುವ ಕೆಲವೇ ಸೆಕೆಂಡುಗಳ ಒಂದು ತುಣುಕನ್ನು ಅವನು ಹುಡುಕಿ ತೆಗೆದನು. ಎರಾಲ್ ಫ್ಲಿನ್ ಎಂಬ ನಟನ ಕತ್ತಿಯ ಏಟುಗಳು ಹೀಗೆ ಅರ್ಧ ಶತಮಾನದ ಬಳಿಕ ಪರ್ಷಿಯದ ರಾಜಕುಮಾರನ ಕೈಗೆ ಬಂದವು.

ಜೀವಂತ ಚಲನೆಯ ಮೇಲೆ ಗೆರೆ ಎಳೆಯುವ ಈ ವಿಧಾನ ಹೊಸದಲ್ಲ. ಮ್ಯಾಕ್ಸ್ ಫ್ಲೈಶರ್ ಎಂಬವನು ಇದಕ್ಕೆ 1917ರಲ್ಲಿ ಪೇಟೆಂಟ್ ಪಡೆದು ರೋಟೊಸ್ಕೋಪ್ ಎಂದು ಹೆಸರಿಟ್ಟಿದ್ದನು. ಅವನ ಮುಂದೆ ವಿದೂಷಕನ ಉಡುಪು ತೊಟ್ಟು ಕುಣಿದವನು ಯಾರೆಂದುಕೊಂಡಿರಿ? ಅವನ ತಮ್ಮ ಡೇವ್! ಅಣ್ಣಂದಿರ ಸಂಶೋಧನೆಗೆ ತಮ್ಮಂದಿರು ಬೆವರು ಹರಿಸುವುದು ಲೋಕದಲ್ಲೆಲ್ಲ ಇರುವ ಪದ್ಧತಿಯೆಂದು ತೋರುತ್ತದೆ.

ಇಷ್ಟೆಲ್ಲ ಪಾಡುಪಟ್ಟು ಪಡೆದದ್ದೇನು? ಕೆಲವು ಚುಕ್ಕಿಗಳ ಆಕೃತಿಗೆ ಭಾರ ಬಂದಿತು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಣ್ಣಿಗೆ ಮನುಷ್ಯನ ಚಲನೆಯನ್ನು ಗುರುತಿಸುವ ವಿಚಿತ್ರವಾದ ಚುರುಕುತನವಿದೆ. ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನಡೆಯುವವನ ಹೆಗಲು, ಮೊಣಕೈ, ಸೊಂಟ, ಮೊಣಕಾಲು ಮೊದಲಾದ ಕೀಲುಗಳಲ್ಲಿ ಮಾತ್ರ ಹತ್ತು ಹನ್ನೆರಡು ಬೆಳಕಿನ ಚುಕ್ಕಿಗಳು ಕಾಣುವಂತೆ ಮಾಡಿ, ಉಳಿದುದೆಲ್ಲ ಕತ್ತಲಾಗಿರುವಂತೆ ಚಿತ್ರ ತೆಗೆದರು. ನಿಂತಾಗ ಅದು ಅರ್ಥವಿಲ್ಲದ ಚುಕ್ಕಿಗಳ ರಾಶಿ. ಆದರೆ ಹೆಜ್ಜೆ ಎತ್ತಿದ ಮರುಕ್ಷಣವೇ ನೋಡುವವರು, "ಮನುಷ್ಯ ನಡೆಯುತ್ತಿದ್ದಾನೆ" ಎಂದರು. ಮುಖ ಬೇಡ, ಮೈ ಬೇಡ, ಬಣ್ಣ ಬೇಡ. ಕೀಲುಗಳು ಸರಿಯಾದ ಹೊತ್ತಿಗೆ ಸರಿಯಾದ ಕಡೆ ಸರಿದರೆ ಸಾಕು, ಮಿದುಳು ಉಳಿದುದನ್ನು ತುಂಬಿಕೊಳ್ಳುತ್ತದೆ. ಮೆಕ್ನರನ ಆಟದಲ್ಲಿ ಆಗಿರುವುದೂ ಇದೇ.

ಈ ಗುಟ್ಟನ್ನು ಬಲ್ಲವರು ಕುಂದಾಪುರದ ಮಗ್ಗುಲಲ್ಲಿಯೇ ಇದ್ದಾರೆ. ನಮ್ಮ ಕಡೆಯಲ್ಲಿ ಕುದ್ರು ಎಂದರೆ ಹೊಳೆಯ ನಡುವಣ ನೆಲ. ಅಂತಹ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆಯಾಟವನ್ನು ಒಂದು ಮನೆತನವು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಕೊಗ್ಗ ಕಾಮತರು ಅದನ್ನು ದೇಶಕ್ಕೆಲ್ಲ ಪರಿಚಯ ಮಾಡಿಸಿದರು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯ ಮೂಲಕ ಮುಂದುವರಿಸಿದರು. ಗೊಂಬೆ ಮರದ್ದು, ಎತ್ತರ ಸುಮಾರು ಒಂದೂವರೆ ಎರಡು ಅಡಿ, ವೇಷ ಬಡಗುತಿಟ್ಟಿನದು. ಕರ್ನಾಟಕದ ಸೂತ್ರದ ಗೊಂಬೆಗೆ ಸಾಮಾನ್ಯವಾಗಿ ಐದರಿಂದ ಏಳು ದಾರಗಳು. ಹೆಗಲು, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು. ಯೋಹಾನ್ಸನ್ನರು ದೀಪ ಹಚ್ಚಿದ್ದೂ ಅವೇ ಕೀಲುಗಳಲ್ಲಿ ಎಂಬುದನ್ನು ಗಮನಿಸಿರಿ.

ತೂಗುಬಿಟ್ಟ ಗೊಂಬೆಗೆ ಒಂದು ದೊಡ್ಡ ತೊಂದರೆಯಿದೆ. ನಾವು ನಡೆಯುವಾಗ ಮೈಭಾರ ನೆಲದ ಮೇಲೆ ಬೀಳುತ್ತದೆ. ಗೊಂಬೆಯ ಭಾರವೋ ಮೇಲಿನ ದಾರಗಳಲ್ಲಿದೆ. ಅದರ ಪಾದ ನೆಲವನ್ನು ತಾಗಬಹುದು, ಊರಲಾರದು. ಆದ್ದರಿಂದ ಆಡಿಸುವವನು ಊರಿದಂತೆ ತೋರಿಸಬೇಕು. ಚೆಂಡೆಯ ಪೆಟ್ಟಿಗೆ ಸರಿಯಾಗಿ ಮೈಯನ್ನು ಕೂದಲೆಳೆಯಷ್ಟು ಇಳಿಸಿ, ತಡೆದು, ಎತ್ತಬೇಕು. ಇಳಿಸಿದ್ದು ಹೆಚ್ಚಾದರೆ ಗೊಂಬೆ ಕುಸಿಯುವುದು, ಕಡಿಮೆಯಾದರೆ ತೇಲುವುದು. ಬಡಗುತಿಟ್ಟಿನ ಕುಣಿತ ಆಡಿಸುವವನ ಮೈಯಲ್ಲಿಯೇ ಇಲ್ಲದೆ ಈ ಅಳತೆ ಕೈಗೆ ಬರಲಾರದು. ಕಂಪ್ಯೂಟರಿನ ಚುಕ್ಕಿಗಳದೂ ಇದೇ ಕಷ್ಟ, ಅವಕ್ಕೆ ಭಾರವೆಂಬುದೇ ಇಲ್ಲ. ಗೊಂಬೆಯಾಟಗಾರನು ಭಾರವನ್ನು ತನ್ನ ಮಣಿಕಟ್ಟಿನಿಂದ ಸಾಲ ಕೊಡುತ್ತಾನೆ. ಮೆಕ್ನರನು ತಮ್ಮನ ಮೈಯಿಂದ ಸಾಲ ತಂದನು.

ಹಾಗೆ ಸಾಲ ತಂದ ಭಾರಕ್ಕೆ ಬಡ್ಡಿಯೂ ಉಂಟು. 1985ರ 'ಸೂಪರ್ ಮಾರಿಯೋ' ಆಟದಲ್ಲಿ ನಾಯಕನು ಹಾರಿದ ಮೇಲೂ ಗಾಳಿಯಲ್ಲಿಯೇ ದಿಕ್ಕು ತಿದ್ದಿಕೊಳ್ಳಬಲ್ಲನು. ಪರ್ಷಿಯದ ರಾಜಕುಮಾರನಿಗೆ ಅದು ಸಾಧ್ಯವಿಲ್ಲ. ಓಡುತ್ತಿರುವಾಗ ಕೀಲಿಯಿಂದ ಬೆರಳು ತೆಗೆದರೂ ಒಂದೆರಡು ಹೆಜ್ಜೆ ಜಾರಿಯೇ ನಿಲ್ಲುವನು; ನೆಗೆದನೆಂದರೆ ನೆಗೆತ ಮುಗಿಯುವ ತನಕ ನಮ್ಮ ಮಾತು ಕೇಳನು. ನ್ಯೂಟನ್ನನ ಮೊದಲನೆಯ ನಿಯಮವನ್ನು ಪುಸ್ತಕದಲ್ಲಿ ಉರುಹೊಡೆದ ಹುಡುಗರು ಅದನ್ನು ಬೆರಳ ತುದಿಯಲ್ಲಿ ಕಲಿತದ್ದು ಇಲ್ಲಿ. ಬೀಳುವುದಕ್ಕೂ ಲೆಕ್ಕವಿದೆ. ಒಂದು ಮಹಡಿ ಬಿದ್ದರೆ ಗಾಯವಿಲ್ಲ, ಎರಡು ಮಹಡಿಗೆ ಜೀವದ ಒಂದು ತ್ರಿಕೋನ ನಷ್ಟ, ಮೂರಕ್ಕೆ ಮರಣ. ಮಹಡಿಗೆ 3 ಮೀಟರೆಂದು ಹಿಡಿದರೆ ನೆಲ ಮುಟ್ಟುವಾಗಿನ ವೇಗ ಕ್ರಮವಾಗಿ ಗಂಟೆಗೆ ಸುಮಾರು 28, 39, 48 ಕಿಲೋಮೀಟರು. ವೇಗ ಹೀಗೆ ಏರಿದರೂ ಪೆಟ್ಟಿನ ಹಿಂದಿನ ಶಕ್ತಿ ಒಂದು, ಎರಡು, ಮೂರರ ಲೆಕ್ಕದಲ್ಲಿಯೇ ಬೆಳೆಯುತ್ತದೆ. ನಿಜಜೀವನದಲ್ಲಿ ಮೊದಲನೆಯ ಮಹಡಿಯೇ ಕಾಲು ಮುರಿಯಲು ಸಾಕು. ಆಟವನ್ನು ನಂಬಿ ಯಾರೂ ಉಪ್ಪರಿಗೆಯಿಂದ ನೆಗೆಯಬಾರದು.

ಇನ್ನು ಇಕ್ಕಟ್ಟಿನ ಮಾತು. ಆಟವು ಮುಗಿದಾಗ ಅದಕ್ಕೆ ಬೇಕಾಗಿದ್ದುದು 128 ಕಿಲೋಬೈಟಿನ ನೆನಪುಳ್ಳ ಯಂತ್ರ. ಇಂದು ಕಿಸೆಯ ಫೋನಿನಲ್ಲಿ ತೆಗೆದ ಒಂದು ಚಿತ್ರ ನಾಲ್ಕು ಮೆಗಾಬೈಟು ಇದ್ದರೆ, ಅಂತಹ ಮೂವತ್ತೆರಡು ಯಂತ್ರಗಳ ನೆನಪು ಸೇರಿ ಆ ಒಂದೇ ಚಿತ್ರವನ್ನು ಹಿಡಿದೀತು. ಇಷ್ಟರೊಳಗೆ ಕೋಟೆ, ಬಾಗಿಲು, ಸಂಗೀತ, ನಿಯಮ, ಎಲ್ಲವೂ ಅಡಗಬೇಕು. ತಮ್ಮನ ಓಟ ನೆಗೆತಗಳ ಚಿತ್ರಗಳೇ ಜಾಗವನ್ನು ನುಂಗಿಬಿಟ್ಟವು. ಎದುರಾಳಿಗಳನ್ನು ಬರೆಯಲು ಎಡೆ ಉಳಿಯಲಿಲ್ಲ. ಬಹುಕಾಲ ಆ ಆಟದಲ್ಲಿ ಬಲೆಗಳಿದ್ದವು, ಮೊನೆಗಳಿದ್ದವು, ಹಗೆಗಳೇ ಇರಲಿಲ್ಲ. ನೋಡಿದ ಸಹೋದ್ಯೋಗಿಗಳು, ಚೆನ್ನಾಗಿದೆ, ಆದರೆ ಸಪ್ಪೆ, ಕಾದಾಟ ಬೇಕು ಎಂದರು. ಕಾದಾಡುವವನನ್ನು ತರುವುದೆಲ್ಲಿಂದ?

ತಂದದ್ದು ರಾಜಕುಮಾರನಿಂದಲೇ. ಅವನ ಚಿತ್ರಗಳು ಹೇಗೂ ಇವೆಯಲ್ಲ. ಅವುಗಳನ್ನೇ ಸ್ವಲ್ಪ ಬೇರೆಯಾಗಿ ತೋರಿಸಿದರೆ ಇನ್ನೊಬ್ಬನು ಬಿಟ್ಟಿಯಾಗಿ ದೊರೆಯುವನು. ಇದರ ತಂತ್ರ ಬಹು ಸುಂದರವಾದದ್ದು, ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ನೀವೇ ಮಾಡಿ ನೋಡಬಹುದು.

ಮನೆಯ ಮೆಟ್ಟಿಲಿಗೆ ಮೇಲೊಂದು ಕೆಳಗೊಂದು ಸ್ವಿಚ್ಚು ಇರುವ ದೀಪವನ್ನು ನೀವು ನೋಡಿದ್ದೀರಿ. ಸಾಮಾನ್ಯವಾಗಿ, ಎರಡು ಸ್ವಿಚ್ಚುಗಳೂ ಒಂದೇ ಬಗೆಯಾಗಿದ್ದರೆ ದೀಪ ಆರಿರುತ್ತದೆ. ಬೇರೆ ಬೇರೆಯಾಗಿದ್ದರೆ ಉರಿಯುತ್ತದೆ. ಕಂಪ್ಯೂಟರಿನಲ್ಲಿಯೂ ಇಂತಹದೊಂದು ಕ್ರಿಯೆಯಿದೆ. ಇಂಗ್ಲಿಷಿನಲ್ಲಿ ಅದನ್ನು ಎಕ್ಸ್‌ಕ್ಲೂಸಿವ್ ಆರ್ ಎನ್ನುವರು. ಎರಡು ಅಂಕಿಗಳು ಒಂದೇ ಆದರೆ ಉತ್ತರ 0, ಬೇರೆಯಾದರೆ 1. ಈಗ ರಾಜಕುಮಾರನ ತೋಳಿನ ಒಂದು ಸಾಲು ಚುಕ್ಕಿಗಳನ್ನು ಹೀಗೆ ಬರೆಯೋಣ, ಬೆಳಕಿದ್ದಲ್ಲಿ 1, ಕತ್ತಲಿದ್ದಲ್ಲಿ 0:

0 0 1 1 1 1 0 0

ಇದನ್ನೇ ಒಂದು ಮನೆ ಬಲಕ್ಕೆ ಸರಿಸಿದರೆ:

0 0 0 1 1 1 1 0

ಎರಡನ್ನೂ ಆ ಕ್ರಿಯೆಯಿಂದ ಕೂಡಿಸಿದರೆ:

0 0 1 0 0 0 1 0

ಏನಾಯಿತು ನೋಡಿರಿ. ಒಳಗಿನ ಮೈಯೆಲ್ಲ ತನ್ನನ್ನು ತಾನೇ ಅಳಿಸಿಕೊಂಡಿತು. ಉಳಿದುದು ಅಂಚು ಮಾತ್ರ. ಸಾಲುಸಾಲಾಗಿ ಹೀಗೆ ಮಾಡುತ್ತ ಹೋದರೆ ಗಟ್ಟಿಮನುಷ್ಯನ ಬದಲು ಮಿಣುಕುವ, ಪೊಳ್ಳಾದ, ಅವನಂತೆಯೇ ಓಡುವ ಒಂದು ಪ್ರೇತಾಕೃತಿ ಪರದೆಯ ಮೇಲೆ ನಿಲ್ಲುವುದು. ಹೊಸ ಚಿತ್ರ ಒಂದೂ ಬೇಕಾಗಲಿಲ್ಲ. ಮೆಕ್ನರನು ಅದಕ್ಕೆ ನೆರಳಿನ ಮನುಷ್ಯನೆಂದು ಹೆಸರಿಟ್ಟನು. ಬಳಿಕ ಅಲ್ಲಿ ಇಲ್ಲಿ ಜಾಗ ಉಳಿಸಿ ಕಾವಲುಗಾರರನ್ನೂ ಸೇರಿಸಿದನು. ಆದರೆ ಆಟದ ಆತ್ಮವಾಗಿ ಉಳಿದವನು ಈ ಮೊದಲನೆಯವನೇ.

ನಾಲ್ಕನೆಯ ಹಂತದಲ್ಲಿ ದಾರಿಗೆ ಅಡ್ಡವಾಗಿ ಒಂದು ಕನ್ನಡಿ ನಿಲ್ಲುವುದು. ಮುಂದೆ ಹೋಗಬೇಕಾದರೆ ಅದರ ಮೂಲಕವೇ ನೆಗೆಯಬೇಕು. ನೆಗೆದಾಗ ಆಚೆ ಬದಿಯಿಂದ ನೆರಳು ಹೊರಟುಹೋಗುವುದು. ರಾಜಕುಮಾರನ ಜೀವಶಕ್ತಿ ಒಂದೇ ತ್ರಿಕೋನಕ್ಕೆ ಇಳಿಯುವುದು. ಐದನೆಯ ಹಂತದಲ್ಲಿ, ನಮಗೆ ಬೇಕಾಗಿದ್ದ ಔಷಧಿಯನ್ನು ಆ ನೆರಳು ನಮ್ಮ ಕಣ್ಣೆದುರೇ ಕುಡಿದು ಓಡುವುದು. ಆರನೆಯದರಲ್ಲಿ ಅದು ನೆಲದ ಗುಂಡಿಯನ್ನು ತುಳಿದು ಬಾಗಿಲು ಮುಚ್ಚಿ ನಮ್ಮನ್ನು ಪಾತಾಳಕ್ಕೆ ಕೆಡವುವುದು. ಇಷ್ಟು ಹೊತ್ತಿಗೆ ಆಡುವವನಿಗೆ ಅದರ ಮೇಲೆ ಎಷ್ಟು ಕೋಪ ಬಂದಿರುತ್ತದೆಂದು ಹೇಳಬೇಕಾಗಿಲ್ಲ. ಹನ್ನೆರಡನೆಯ ಹಂತದಲ್ಲಿ ಅದು ಕತ್ತಿ ಹಿಡಿದು ಎದುರು ನಿಲ್ಲುವುದು. ನಾವು ಹೊಡೆಯುತ್ತೇವೆ, ಜೀವ ಕಡಿಮೆಯಾಗುವುದು ನಮ್ಮದು. ಮತ್ತೆ ಹೊಡೆಯುತ್ತೇವೆ; ಮತ್ತೆ ನಮಗೇ ಪೆಟ್ಟು. ಅದನ್ನು ಕೊಂದರೆ ಸಾಯುವವರು ನಾವೇ. ಆಗಿನ ಕಂಪ್ಯೂಟರು ಕೊಠಡಿಗಳಲ್ಲಿ ಇದು ದೊಡ್ಡ ಒಗಟಾಗಿದ್ದಿತು. 'ಮೆಗಾಹಿಟ್' ಎಂಬ ಗುಪ್ತಪದವನ್ನು ಸೇರಿಸಿ ಆಟ ತೆರೆದರೆ ಹಂತಗಳನ್ನು ಹಾರಿಸಬಹುದೆಂದು ಬಲ್ಲ ಚಾಣಾಕ್ಷರು, ಬಿಡಿಸಲಾರದೆ ಅದನ್ನೂ ಹಾರಿಸಿಯೇ ಮುಂದೆ ಹೋದರು.

ಬಿಡಿಸುವ ಬಗೆ ಬಹು ಸುಲಭ. ಕತ್ತಿಯನ್ನು ಒರೆಗೆ ಹಾಕಬೇಕು. ನಾವು ಹಾಕಿದರೆ ನೆರಳೂ ಹಾಕುವುದು. ಆಮೇಲೆ ಒಬ್ಬರತ್ತ ಒಬ್ಬರು ನಡೆದರೆ ಇಬ್ಬರೂ ಒಂದಾಗುವರು. ಒಂದಾದ ಮೇಲೆ ನೆಲವೇ ಇಲ್ಲದ ಕಂದರದ ಮೇಲೆ ಓಡಿದರೆ, ಇಟ್ಟ ಹೆಜ್ಜೆಯಡಿಯಲ್ಲಿ ಹಾಸುಗಲ್ಲು ಮೂಡುವುದು.

ಬಡಗುತಿಟ್ಟಿನ ಆಟಗಳನ್ನು ರಾತ್ರಿಯಿಡೀ ಕೂತು ನೋಡಿದವರಿಗೆ ಇಲ್ಲಿ 'ಕೃಷ್ಣಾರ್ಜುನ ಕಾಳಗ' ನೆನಪಾಗದೆ ಇರದು. ಗಯನೆಂಬ ಗಂಧರ್ವನನ್ನು ಕೊಲ್ಲುವೆನೆಂದು ಕೃಷ್ಣನ ಶಪಥ. ಕಾಯುವೆನೆಂದು ಅರ್ಜುನನ ಮಾತು. ನರನೂ ನಾರಾಯಣನೂ ಎದುರುಬದುರು ನಿಂತಾಗ ಗೆಲ್ಲುವವರು ಯಾರು? ಇಬ್ಬರೂ ಒಂದರ ಎರಡು ರೂಪಗಳಾದ ಮೇಲೆ ಯಾರ ಬಾಣ ಯಾರಿಗೆ ತಾಗಬೇಕು? ಕಡೆಗೆ ಈಶ್ವರನು ನಡುವೆ ಬಂದು ನಿಲ್ಲಿಸುತ್ತಾನೆ. ಆ ಪ್ರಸಂಗ ಗೆಲುವಿನಿಂದಲ್ಲ, ಕಾಳಗ ನಿಲ್ಲುವುದರಿಂದ ಮುಗಿಯುತ್ತದೆ. ಮೆಕ್ನರನಿಗೆ ಈ ಕಥೆ ಗೊತ್ತಿದ್ದಿತೆಂದು ನಾವು ಹೇಳುತ್ತಿಲ್ಲ. ಅವನ ಕಂಪ್ಯೂಟರಿನಲ್ಲಿ ಈಶ್ವರನೂ ಇರಲಿಲ್ಲ. ಕತ್ತಿ ಇಳಿಸುವ ಕೆಲಸ ಆಡುವವನದೇ ಆಯಿತು. ನಮಗೆ ಹಿಡಿಸಿದುದು ಬೇರೊಂದು ಸಂಗತಿ. ಪರದೆಯ ಮೇಲಿನ ಆ ನೆರಳು ಉಪಮೆಯಾಗಿ ಮಾತ್ರ ರಾಜಕುಮಾರನ ಪಡಿನೆರಳಲ್ಲ. ಯಂತ್ರದೊಳಗೆ ಅದು ಅಕ್ಷರಶಃ ಅವನೇ. ಅವನನ್ನು ಅವನಿಂದಲೇ ಕಳೆದಾಗ ಉಳಿದ ಅಂಚು. ಅವನ ಚಿತ್ರಗಳನ್ನು ಅಳಿಸಿದರೆ ನೆರಳೂ ಇಲ್ಲ. ಕಥೆಯ ಅರ್ಥವೂ ಲೆಕ್ಕದ ತಂತ್ರವೂ ಹೀಗೆ ಒಂದೇ ಮಾತನ್ನು ಹೇಳುವ ಆಟ ನಮಗೆ ಇನ್ನೊಂದು ತಿಳಿಯದು.

ಹಾಗೆಂದು ಇದರಲ್ಲಿ ಕುಂದುಗಳಿಲ್ಲವೆಂದಲ್ಲ. ಈ ಪರ್ಷಿಯ ಇರಾನಿನ ಚರಿತ್ರೆಯಲ್ಲಿ ಎಲ್ಲಿಯೂ ಇರದ ಪರ್ಷಿಯ. ಅರೇಬಿಯನ್ ಕಥೆಗಳಿಂದಲೂ ಹಾಲಿವುಡ್ಡಿನಿಂದಲೂ ಕಟ್ಟಿದ್ದು. ರಾಜಕುಮಾರಿಯು ಗಂಟೆಯಿಡೀ ಗಡಿಯಾರವನ್ನು ನೋಡುತ್ತ ಕುಳಿತಿರುವುದನ್ನು ಇಂದಿನ ವಿದ್ಯಾರ್ಥಿನಿಯರು ಒಪ್ಪಲಾರರು. ಎಂಟನೆಯ ಹಂತದಲ್ಲಿ ಮಾತ್ರ ಅವಳು ಕಳುಹಿಸಿದ ಒಂದು ಬಿಳಿಯ ಇಲಿ ಬಂದು ಗುಂಡಿಯನ್ನು ತುಳಿದು ಮುಚ್ಚಿದ ಬಾಗಿಲನ್ನು ತೆರೆಯುತ್ತದೆ. ಆ ಇಲಿಯಿಲ್ಲದೆ ವೀರನು ಅಲ್ಲಿಯೇ ಕೊಳೆಯುತ್ತಿದ್ದನು.

ಆಟದ ಮೂಲಬರಹದ ಗತಿಯೇನಾಯಿತೆಂಬುದು ಇನ್ನೊಂದು ಸಾಹಸದ ಕಥೆ. ಕಂಪ್ಯೂಟರಿನ ಆಟವೆಂದರೆ ಎರಡು ರೂಪಗಳಲ್ಲಿರುತ್ತದೆ. ಒಂದು, ಯಂತ್ರವು ನಡೆಸುವ ಅಂಕಿಗಳ ಸಾಲು. ಇನ್ನೊಂದು, ಮನುಷ್ಯನು ಬರೆದ, ಮನುಷ್ಯನು ಓದಬಹುದಾದ ಮೂಲ. ಮೊದಲನೆಯದು ಲೋಕವೆಲ್ಲ ಹರಡಿದ್ದರೂ ಎರಡನೆಯದು ಮೆಕ್ನರನ ಬಳಿಯೇ ಇಲ್ಲವಾಗಿತ್ತು. ವರ್ಷಗಟ್ಟಲೆ ಹುಡುಕಿದರೂ ಸಿಕ್ಕಿರಲಿಲ್ಲ. 2012ರಲ್ಲಿ ಅವನ ತಂದೆ ಫ್ರಾನ್ಸಿಸ್ ಮೆಕ್ನರರು, ಈ ಆಟದ ಸಂಗೀತವನ್ನು ಕಟ್ಟಿದವರೂ ಅವರೇ, ಮನೆಯ ಕಪಾಟಿನ ಮೂಲೆಯಲ್ಲಿ ಒಂದು ಪೆಟ್ಟಿಗೆಯನ್ನು ಕಂಡು ಮಗನಿಗೆ ಕಳುಹಿಸಿದರು. ಅದರೊಳಗೆ ಮೂರೂವರೆ ಅಂಗುಲದ ಫ್ಲಾಪಿಗಳು, ಇಪ್ಪತ್ತೆರಡು ವರ್ಷಗಳಿಂದ ಯಾರೂ ಮುಟ್ಟದವು. ಕಾಂತೀಯ ಲೇಪದ ಮೇಲಿನ ಬರಹ ಕಾಲ ಕಳೆದಂತೆ ಮಾಸುತ್ತದೆ. ಓದಲು ಹೋಗಿ ಕೆಡಿಸಿದರೆ ಮತ್ತೆ ದಾರಿಯಿಲ್ಲ. ಹಳೆಯ ಕಂಪ್ಯೂಟರು ಬರಹಗಳನ್ನು ಉಳಿಸುವ ಜೇಸನ್ ಸ್ಕಾಟ್ ಮತ್ತು ಆ್ಯಪಲ್-2 ಯಂತ್ರಗಳನ್ನು ಬಲ್ಲ ಟೋನಿ ಡಯಾಜ್ ನೆರವಾದರು. ಏಪ್ರಿಲಿನಲ್ಲಿ ಮೂಲವು ಪೂರ್ತಿ ಕೈಗೆ ಬಂದಿತು, ಮತ್ತು ಮೆಕ್ನರನು ಅದನ್ನು ಎಲ್ಲರೂ ಓದುವಂತೆ ಅಂತರಜಾಲದಲ್ಲಿ ಇರಿಸಿದನು. 2018ರಲ್ಲಿ ಇಂಗ್ಲೆಂಡಿನ ಹವ್ಯಾಸಿಗಳು ಆ ಮೂಲವನ್ನು ಹಿಡಿದು, 1980ರ ದಶಕದ ಬಿಬಿಸಿ ಮಾಸ್ಟರ್ ಎಂಬ ಯಂತ್ರಕ್ಕೆ ಆಟವನ್ನು ತಂದರು. ಡೇವಿಡನ ಹದಿಹರೆಯದ ನೆಗೆತ ಅಲ್ಲಿಯೂ ಅಂಚನ್ನು ಹಿಡಿಯಿತು.

ಕರಾವಳಿಯವರಿಗೆ ಇದು ಅಪರಿಚಿತ ಕಥೆಯಲ್ಲ. ಪ್ರಸಂಗಗಳ ಓಲೆಗರಿಗಳು ಅಟ್ಟದಲ್ಲಿ ಹೊಗೆ ಹಿಡಿದು, ಮಳೆಗಾಲದ ತೇವಕ್ಕೆ ಅಂಟಿಕೊಂಡು, ಹುಳ ತಿಂದು ಹೋದದ್ದೆಷ್ಟೋ. ಆದರೂ ಪ್ರಸಂಗ ಪದ್ಯ. ಒಂದು ಪ್ರತಿ ಸಿಕ್ಕಿದರೆ ಉಳಿಯಿತು. ಕುಣಿತವನ್ನು ಉಳಿಸುವುದು ಹೇಗೆ? ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ' ಎಂಬ ದೊಡ್ಡ ಗ್ರಂಥವನ್ನು ಬರೆದರು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದನ್ನು ಓದಿ ಯಕ್ಷಗಾನವನ್ನು ತಿಳಿಯಬಹುದು. ಓದಿ ಕುಣಿಯಬಹುದೆಂದು ಕಾರಂತರೂ ಹೇಳುತ್ತಿರಲಿಲ್ಲ. ಹೆಜ್ಜೆಯ ಮೂಲಬರಹ ಕಾಲಿನಲ್ಲಿದೆ.

ಗೊಂಬೆಯ ಹೆಜ್ಜೆಯ ಮೂಲಬರಹವೋ ಇನ್ನೂ ಮರೆಯಲ್ಲಿದೆ. ಗೊಂಬೆಯಾಟದ ವಿಡಿಯೋ ಚಿತ್ರಗಳು ಈಗ ಬೇಕಾದಷ್ಟು ಸಿಕ್ಕುತ್ತವೆ. ನಾವು ಕಂಡವುಗಳಲ್ಲಿ ಹೆಚ್ಚಿನವು ಸಭೆಯ ಕಡೆಯಿಂದ ತೆಗೆದವು. ಕ್ಯಾಮೆರಾ ಕಾಣುವುದು ಗೊಂಬೆಯನ್ನು. ಕೈಯಿರುವುದು ಪರದೆಯ ಹಿಂದೆ. ಅಂದರೆ ನಮ್ಮಲ್ಲಿರುವುದು ನಡೆಯುವ ಆಟ, ಓದಬಹುದಾದ ಮೂಲವಲ್ಲ. ಮೆಕ್ನರನಿಗೆ 2012ಕ್ಕೆ ಮೊದಲು ಇದ್ದ ಸ್ಥಿತಿ ಇದೇ, ಮತ್ತು ಇಲ್ಲಿ ತಂದೆಯ ಕಪಾಟಿನಲ್ಲಿ ಪೆಟ್ಟಿಗೆಯಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಾಲೇಜುಗಳಲ್ಲಿ ವಿಜ್ಞಾನ ಓದುವವರು ಒಂದು ಕೆಲಸ ಮಾಡಬಹುದು. ಕಲಾವಿದರ ಒಪ್ಪಿಗೆ ಪಡೆದು ಎರಡು ಫೋನುಗಳನ್ನು ಇಡಬೇಕು, ಒಂದು ಪರದೆಯ ಮುಂದೆ, ಒಂದು ಹಿಂದೆ. ಆಡಿಸುವವರ ಮಣಿಕಟ್ಟು, ಬೆರಳ ಗೆಣ್ಣು, ಮೊಣಕೈಗಳ ಮೇಲೆ ಬಣ್ಣದ ಅಂಟುಚುಕ್ಕಿ ಹಚ್ಚಬೇಕು. ಗೊಂಬೆಯ ಕೀಲುಗಳ ಮೇಲೂ ಅಷ್ಟೇ. ಚೆಂಡೆಯ ಮೊದಲ ಪೆಟ್ಟನ್ನು ಗುರುತಾಗಿಟ್ಟುಕೊಂಡರೆ ಎರಡು ಚಿತ್ರಗಳೂ ಒಂದೇ ಗಡಿಯಾರಕ್ಕೆ ಹೊಂದುವುವು. ಆಮೇಲೆ ಚಿತ್ರ ಚಿತ್ರವಾಗಿ ನಿಲ್ಲಿಸಿ ಚೌಕಳಿ ಹಾಳೆಯ ಮೇಲೆ ಚುಕ್ಕಿಗಳ ಜಾಗವನ್ನು ಗುರುತಿಸುತ್ತ ಹೋಗುವುದು. ಸೆಕೆಂಡಿಗೆ 30 ಚಿತ್ರಗಳಾದರೆ ಒಂದು ನಿಮಿಷದ ಕುಣಿತಕ್ಕೆ 1,800 ಹಾಳೆ. ಮೊದಲಿಗೆ ಒಂದೇ ಒಂದು ಹೆಜ್ಜೆ ಸಾಕು; ಪಾದ ನೆಲ ತಾಗುವುದಕ್ಕೆ ಎಷ್ಟು ಚಿತ್ರಗಳ ಮೊದಲು ಮಣಿಕಟ್ಟು ಇಳಿಯತೊಡಗುತ್ತದೆ ಎಂಬುದನ್ನು ಎಣಿಸಿ ಬರೆದಿಡಿರಿ.